ಕ್ಯಾಮೆರಾ ಹಿಡಿದವಳು ಓಟಿಗೆ ನಿಲ್ಲುವುದು ಹೇಗೆ

ಮೊದಲು ನಿಮ್ಮ ಹಳೇ ಹಾರ್ಡ್ ಡಿಸ್ಕ್ ಎಲ್ಲಾ ಹೊರಗೆ ತೆಗೆಯಿರಿ. ನಾಮಪತ್ರದ ಮಾತು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮುಂಚೆ ನನ್ನ ಬಗ್ಗೆ ಎರಡು ಮಾತು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಅಬ್ಬಾ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ, ಅಮ್ಮಿ ಫಿಲೇಚರ್‌ನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ನಾನು ಕ್ಯಾಮೆರಾ ಕಲಿತದ್ದು ಮದುವೆ ಮನೆಗಳಲ್ಲಿ. ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಬರಬಾರದು ಅನ್ನುವ ಮನೆಗಳು ನಮ್ಮಲ್ಲಿ ಜಾಸ್ತಿ, ಹಾಗಾಗಿ ಕ್ಯಾಮೆರಾ ಹಿಡಿಯಲು ಬರುವ ಹುಡುಗಿಗೆ ಕೆಲಸಕ್ಕೆ ಬರವಿಲ್ಲ. ಆ ದುಡ್ಡಲ್ಲಿ ಉಳಿಸಿ ನೂಲು ಬಿಚ್ಚುವ ಹೆಂಗಸರ ಬಗ್ಗೆ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಿದೆ. ಆಮೇಲೆ ಇನ್ನೆರಡು. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತೆ, ಗೆದ್ದೆ. ಈಗ ಚಿಂತಾಮಣಿ, ಮುಳಬಾಗಿಲು, ಶಿರಾ ಕಡೆಯಿಂದ ನನ್ನ ಹಾಗೇ ಕ್ಯಾಮೆರಾ ಹಿಡಿದಿರುವ ಹುಡುಗಿಯರು ಫೋನ್ ಮಾಡಿ "ಆಪಾ, ನಾನೂ ನಿಲ್ಲಬೇಕು ಅಂತಿದ್ದೀನಿ, ಏನ್ ಮಾಡಬೇಕು" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹಾರ್ಡ್ ಡಿಸ್ಕ್ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ಚಿತ್ರದಲ್ಲಿ ಒಬ್ಬರು ಖಾಲಾ ಇದ್ದಾರೆ, ಚಿಕ್ಕಮ್ಮ ಅನ್ನುವ ಹಾಗೆ. ನಮ್ಮ ಬೀದಿಯವರೇ. ದಿನಾ ಬೆಳಗಿನ ಬಸ್ಸಿಗೆ ಟೌನಿಗೆ ಹೋಗಿ ಫಿಲೇಚರ್‌ನಲ್ಲಿ ಕೂರುತ್ತಿದ್ದರು. ಬೇಸಿನ್ ತುಂಬ ಬಿಸಿನೀರು, ಅದರಲ್ಲಿ ಬೆಂದ ಗೂಡು, ಬೆರಳ ತುದಿಯಲ್ಲಿ ಎಳೆ ಹುಡುಕಿ ಹಿಡಿದು ರಾಟೆಗೆ ಕೊಡುತ್ತಲೇ ಇರಬೇಕು. ಆ ಹಬೆಗೆ ನನ್ನ ಲೆನ್ಸ್ ಮತ್ತೆ ಮತ್ತೆ ಮಂಜಾಗುತ್ತಿತ್ತು. ದುಪಟ್ಟಾದ ತುದಿಯಲ್ಲಿ ಒರೆಸಿಕೊಂಡು ಒರೆಸಿಕೊಂಡು ತೆಗೆದೆ. ಅವರ ಬೆರಳಿನ ಚರ್ಮ ನೆಂದು ಬೆಳ್ಳಗೆ ಸುಕ್ಕಾಗಿತ್ತು, ಉಗುರಿನ ಪಕ್ಕ ಸೀಳು ಬಿಟ್ಟಿತ್ತು. ಕೈ ನಿಲ್ಲಿಸದೆ, ನನ್ನ ಕಡೆ ನೋಡದೆ, ಮಗಳ ಮದುವೆಗೆ ಮಾಲೀಕರಿಂದ ತೆಗೆದುಕೊಂಡ ಅಡ್ವಾನ್ಸ್ ಎಷ್ಟು ದುಡಿದರೂ ತೀರುತ್ತಿಲ್ಲ ಅಂತ ಹೇಳಿದರು. ಚಿತ್ರದಲ್ಲಿ ಅದು ಒಂದೇ ನಿಮಿಷ. ಆದರೆ ಚಿತ್ರ ನಿಂತಿರುವುದೇ ಆ ನಿಮಿಷದ ಮೇಲೆ.

ಪ್ರಚಾರ ಶುರುವಾದಾಗ ನಮ್ಮ ಕಡೆಯ ಹುಡುಗರು ಆ ಒಂದು ನಿಮಿಷ ಕತ್ತರಿಸಿ, ಕೆಳಗೆ ನನ್ನ ಹೆಸರು, ನನಗೆ ಸಿಕ್ಕಿದ್ದ ಹೊಲಿಗೆ ಯಂತ್ರದ ಗುರುತು ಹಾಕಿ ವಾಟ್ಸಾಪ್‌ನಲ್ಲಿ ಬಿಟ್ಟರು. ಕ್ಲಿಪ್ ಕೊಟ್ಟವಳು ನಾನೇ. ಚೆನ್ನಾಗಿ ಓಡುತ್ತೆ ಅಂದರು, ಸರಿ ಅಂದೆ. ಸಂಜೆಯೊಳಗೆ ಅದು ಮಾಲೀಕರ ಫೋನಿಗೂ ಹೋಯಿತು. ಮಾರನೇ ದಿನದಿಂದ ಖಾಲಾಗೆ ಕೆಲಸ ಇಲ್ಲ, ಬಾಕಿ ಅಡ್ವಾನ್ಸ್ ಮಾತ್ರ ಒಂದೇ ಸಲ ಕೊಡಬೇಕು ಅಂದರು. ನಾನು ಓಡಿ ಹೋದೆ. ಅವರು ಒಲೆ ಮುಂದೆ ಕೂತಿದ್ದರು, ಬೈಯಲಿಲ್ಲ. "ಬೇಟಿ, ನಾನು ನಿನ್ನ ಕ್ಯಾಮೆರಾಗೆ ಹೇಳಿದ್ದು. ನಿನ್ನ ಓಟಿಗೆ ಹೇಳಿದ್ದಲ್ಲ" ಅಂದರು.

ಆ ಬಾಕಿ ಕಟ್ಟಿಬಿಡೋಣ ಅಂತ ಕೈ ಹೋಯಿತು. ಆದರೆ ಅಭ್ಯರ್ಥಿಯಾದವಳು ಮತದಾರರ ಸಾಲ ತೀರಿಸಿದರೆ ಅದು ಓಟಿಗೆ ದುಡ್ಡು ಕೊಟ್ಟ ಹಾಗೇ ಆಗುತ್ತದೆ. ಖಾಲಾ ಮುಖ ನೋಡಿಕೊಂಡು ಡಿಸೆಂಬರ್ 30ರ ಎಣಿಕೆ ಮುಗಿಯುವ ತನಕ ಕೈ ಕಟ್ಟಿ ಕೂರಬೇಕಾಯಿತು. ನನ್ನಿಂದ ಆದ ತಪ್ಪು, ಸರಿಮಾಡಲು ಆಗದ ಹಾಗೆ ನಾನೇ ನನ್ನ ಕೈ ಕಟ್ಟಿಕೊಂಡಿದ್ದೆ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಹಾಗಾಗಿ ನೀವು ನಿಲ್ಲುತ್ತೀರಿ ಅನ್ನುವ ಸುದ್ದಿ ಊರಿಗೆ ಗೊತ್ತಾಗುವ ಮೊದಲೇ ಕೂತು ನಿಮ್ಮ ಫುಟೇಜ್ ಎಲ್ಲಾ ಒಂದು ಸಲ ನೋಡಿ. ಯಾರ ಮುಖ ಇದೆ, ಯಾರು ಯಾರ ವಿರುದ್ಧ ಏನು ಹೇಳಿದ್ದಾರೆ, ಅವರು ಈಗ ಎಲ್ಲಿ ಕೆಲಸ ಮಾಡುತ್ತಾರೆ ಅಂತ ಬರೆದುಕೊಳ್ಳಿ. ಪ್ರಚಾರಕ್ಕೆ ಒಂದು ಫ್ರೇಮ್ ಬಳಸಬೇಕು ಅನ್ನಿಸಿದರೂ ಆ ಮನೆಗೆ ಹೊಸದಾಗಿ ಹೋಗಿ ಕೇಳಬೇಕು. ಚಿತ್ರ ಮಾಡುವಾಗ ಒಪ್ಪಿದ್ದರು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಒಬ್ಬರೇ ಹೋಗಿ. ಹಿಂದೆ ನಾಲ್ಕು ಹುಡುಗರನ್ನ ಕರೆದುಕೊಂಡು ಹೋಗಿ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಆದರೆ ಅದು ಒಪ್ಪಿಗೆಯಲ್ಲ. "ಬೇಡ ಅಂದರೂ ನನಗೆ ಬೇಜಾರಿಲ್ಲ" ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಅವರು ಸ್ವಲ್ಪ ತಡೆದರೂ ಸಾಕು, ಅದನ್ನ ಬೇಡ ಅಂತಲೇ ತಿಳಿದುಕೊಳ್ಳಿ.

ಇನ್ನು ಮದುವೆ ಫುಟೇಜ್. ಹೆಂಗಸರ ಕಡೆಯದ್ದು. ಅಲ್ಲಿ ಎಲ್ಲರೂ ತಲೆ ಮೇಲಿನ ಸೆರಗು ಜಾರಿಸಿ ಕೂತು ನಕ್ಕಿರುತ್ತಾರೆ, ಹಾಡಿರುತ್ತಾರೆ, ಮದುಮಗಳಿಗೆ ಅರಿಶಿನ ಹಚ್ಚಿರುತ್ತಾರೆ. ಹುಡುಗಿ ತೆಗೆಯುತ್ತಿದ್ದಾಳೆ ಅನ್ನುವ ನಂಬಿಕೆಯಲ್ಲಿ. ನಮ್ಮ ಮನೆ ಮಾತಲ್ಲಿ ಇದಕ್ಕೆ ಅಮಾನತ್ ಅನ್ನುತ್ತಾರೆ, ಒಬ್ಬರು ನಂಬಿ ನಿಮ್ಮ ಕೈಯಲ್ಲಿ ಇಟ್ಟಿರುವ ವಸ್ತು. ಚುನಾವಣೆ ಸಮಯದಲ್ಲಿ ನಿಮ್ಮ ಲ್ಯಾಪ್‌ಟಾಪ್ ನಾಲ್ಕು ಜನರ ಕೈಗೆ ಹೋಗುತ್ತದೆ, ಪಾಂಪ್ಲೆಟ್ ಮಾಡುವವನು, ಬ್ಯಾನರ್ ಮಾಡುವವನು, ಸುಮ್ನೆ ಚಾರ್ಜರ್ ಹುಡುಕಿಕೊಂಡು ಬಂದವನು. ಅದರಲ್ಲಿ ಒಂದು ಮದುವೆ ಫೋಟೋ ಹೊರಗೆ ಹೋದರೂ ನೀವು ಓಟು ಕಳೆದುಕೊಳ್ಳುವುದು ಸಣ್ಣ ಮಾತು, ಒಂದು ಮನೆಯ ಮಾನ ಹೋಗುತ್ತದೆ. ಆ ಡಿಸ್ಕ್ ಬೇರೆ ಮಾಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀ ಅಮ್ಮನ ಸೊಂಟದಲ್ಲಿರಲಿ.

ಈಗ ಯಾವ ಚುನಾವಣೆ ಅನ್ನುವ ಪ್ರಶ್ನೆ.

ನನ್ನ ಸಲಹೆ ಕೇಳಿದರೆ ಗ್ರಾಮ ಪಂಚಾಯಿತಿ, ಟೌನಿನವರಾದರೆ ನಿಮ್ಮ ಪುರಸಭೆ ಅಥವಾ ನಗರಸಭೆಯ ವಾರ್ಡು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಗೆದ್ದವರ ಅವಧಿ 2021ರಲ್ಲೇ ಮುಗಿಯಿತು, ಅದರ ಮುಂದಿನ ಚುನಾವಣೆ ವರ್ಷಗಟ್ಟಲೆ ಎಳೆಯಿತು, ಅದನ್ನ ನಂಬಿಕೊಂಡು ಕೂರಬೇಡಿ. ವಿಧಾನಸಭೆಗೆ 25 ವರ್ಷ ಆಗಿರಬೇಕು, ಠೇವಣಿಯೇ 10,000, ಒಬ್ಬ ಅಭ್ಯರ್ಥಿ 40 ಲಕ್ಷದ ತನಕ ಖರ್ಚು ಮಾಡಬಹುದು ಅಂತ ಚುನಾವಣಾ ಆಯೋಗ 2022ರಲ್ಲಿ ಮಿತಿ ಹಾಕಿದೆ. ಆ ಮಿತಿ ನೋಡಿದರೇ ಅದು ಯಾರ ಆಟ ಅಂತ ಗೊತ್ತಾಗುತ್ತದೆ. ಕರ್ನಾಟಕದ 224 ಶಾಸಕರಲ್ಲಿ ಮುಸ್ಲಿಂ ಹೆಣ್ಣುಮಗಳು ಅಂತ 2018ರಲ್ಲೂ 2023ರಲ್ಲೂ ಗೆದ್ದು ಬಂದವರು ಒಬ್ಬರೇ, ಕಲಬುರಗಿ ಉತ್ತರದ ಖನೀಜ್ ಫಾತಿಮಾ. 2023ರ ಮಹಿಳಾ ಮೀಸಲಾತಿ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಕೊಡುತ್ತದೆ ನಿಜ, ಆದರೆ ಅದನ್ನ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿದ್ದಾರೆ.

ಪಂಚಾಯಿತಿಯಲ್ಲಿ ಹಾಗಲ್ಲ. ಅರ್ಧ ಸೀಟು ಹೆಣ್ಣುಮಕ್ಕಳಿಗೆ. 21 ವರ್ಷ ಆಗಿದ್ದರೆ ಸಾಕು. ಪಕ್ಷದ ಚಿಹ್ನೆ ಇಲ್ಲ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಅನ್ನುವ ಲೆಕ್ಕ, ಅಂದರೆ ನೀವು ಓಟು ಕೇಳಬೇಕಾದ ಎಲ್ಲಾ ಮನೆಯ ಒಳಗೂ ಒಂದಲ್ಲ ಒಂದು ಸಲ ಹೋಗಿ ಟೀ ಕುಡಿದಿರುತ್ತೀರಿ. 2020ರಲ್ಲಿ ಠೇವಣಿ ಮಹಿಳೆಯರಿಗೆ 100 ರೂಪಾಯಿ ಇತ್ತು. ನಾನು ಒಂದು ಮದುವೆಗೆ ಕೊಂಡುಕೊಳ್ಳುವ ಬ್ಯಾಟರಿ ಸೆಲ್ಲಿನ ಖರ್ಚು ಅದಕ್ಕಿಂತ ಜಾಸ್ತಿ.

ಈ ಬಾಗಿಲು ತಾನಾಗಿ ತೆರೆದದ್ದಲ್ಲ. ಕರ್ನಾಟಕದಲ್ಲಿ 1983ರ ಕಾಯ್ದೆಯಲ್ಲೇ ಶೇ. 25 ಸೀಟು ಮಹಿಳೆಯರಿಗೆ ಇಟ್ಟರು, 1987ರಲ್ಲಿ ಅದರ ಪ್ರಕಾರ ಚುನಾವಣೆಯೂ ಆಯಿತು, ಸಂವಿಧಾನದ 73ನೇ ತಿದ್ದುಪಡಿಯಿಂದ ಇಡೀ ದೇಶಕ್ಕೆ ಪಂಚಾಯಿತಿ ಮೀಸಲಾತಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ. ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನ ನೀರ್ ಸಾಬ್ ಅಂತಲೇ ಕರೆದರು. ಸಾವಿರ ಅಡಿ ಕೊರೆದರೂ ನೀರು ಸಿಗದ ನಮ್ಮ ಕಡೆ ಆ ಹೆಸರಿಗೆ ಎಷ್ಟು ತೂಕ ಅಂತ ನಾನು ಹೇಳಬೇಕಾಗಿಲ್ಲ. ನಮ್ಮವರು ಯಾರಾದರೂ "ರಾಜಕೀಯ ನಮಗಲ್ಲ" ಅಂದರೆ ಅವರ ಹೆಸರು ಹೇಳಿ. ಹೆಣ್ಣುಮಕ್ಕಳಿಗಲ್ಲ ಅಂದರೆ ಬಾನು ಮುಷ್ತಾಕ್ ಹೆಸರು ಹೇಳಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಅವರನ್ನ ಕಥೆಗಾರ್ತಿ, ವಕೀಲೆ ಅಂತ ಹೊಗಳಿದರು, ಅವರು ಹಾಸನದ ನಗರಸಭೆ ಸದಸ್ಯೆಯೂ ಆಗಿದ್ದವರು. ಸಿನಿಮಾದವರಿಗಲ್ಲ ಅಂದರೆ ತುಮಕೂರು ಜಿಲ್ಲೆ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಇದ್ದಾರೆ. 2008ರಲ್ಲಿ ತೇರದಾಳದಲ್ಲಿ ಸೋತರು, ಅಲ್ಲೇ ಮತ್ತೆ ನಿಂತು 2013ರಲ್ಲಿ ಗೆದ್ದು ಮಂತ್ರಿಯಾದರು.

ಕಾಗದಪತ್ರ. ಇಲ್ಲೇ ನಮ್ಮ ಹುಡುಗಿಯರು ಎಡವುವುದು.

ನಿಮ್ಮ ಹೆಸರು ಎಲ್ಲಾ ಕಡೆ ಒಂದೇ ಥರ ಇದೆಯಾ ನೋಡಿ. ನನ್ನದು ಆಧಾರ್‌ನಲ್ಲಿ ತಾಜ್ ಅಂತ ಮುಗಿಯುತ್ತದೆ, ಮತದಾರರ ಪಟ್ಟಿಯಲ್ಲಿ ಬೇಗಂ, ಶಾಲೆ ಟಿಸಿಯಲ್ಲಿ ಎರಡೂ ಇಲ್ಲ. ಚಿತ್ರದ ಕೊನೆಗೆ ಹಾಕಿಕೊಂಡ ಹೆಸರು ಇನ್ನೊಂದು. ಬರೆದುಕೊಂಡವರ ಕಿವಿಗೆ ಹೇಗೆ ಬಿತ್ತೋ ಹಾಗೆ. ಓಟಿನ ಚೀಟಿಯಲ್ಲಿ ಬರುವುದು ಮತದಾರರ ಪಟ್ಟಿಯ ಹೆಸರು, ಊರಿಗೆ ಗೊತ್ತಿರುವುದು ಬೇರೆ ಹೆಸರು ಆದರೆ ಪ್ರಚಾರವೆಲ್ಲ ನೀರಿಗೆ ಹೋಗುತ್ತದೆ. ಚುನಾವಣೆ ಘೋಷಣೆಯಾಗುವ ಬಹಳ ಮುಂಚೆ ತಿದ್ದಿಸಿ. ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಲೇಬೇಕು, ಮದುವೆಯಾಗಿ ಬೇರೆ ಊರಿಗೆ ಹೋದವರು ಇದನ್ನ ಮೊದಲು ನೋಡಿಕೊಳ್ಳಿ.

ಜಾತಿ ಪ್ರಮಾಣಪತ್ರ ಅಪ್ಪನ ಕಡೆಯಿಂದ ಬರುತ್ತದೆ, ಗಂಡನ ಕಡೆಯಿಂದಲ್ಲ. ಓದಿಗೆ, ಕೆಲಸಕ್ಕೆ ಮುಸ್ಲಿಮರ ಮೀಸಲಾತಿ ಗುಂಪು 2ಬಿ ಅಂತ ಕೇಳಿ ಕೇಳಿ ಅಭ್ಯಾಸವಾಗಿರುತ್ತದೆ. ಪಂಚಾಯಿತಿ, ನಗರಸಭೆ ಚುನಾವಣೆಯಲ್ಲಿ ಲೆಕ್ಕ ಬೇರೆ. ಇಲ್ಲಿ ಹಿಂದುಳಿದ ವರ್ಗ ಎ ಮತ್ತು ಬಿ ಅಂತ ಎರಡೇ, ಮುಸ್ಲಿಮರು ಬರುವುದು ಎ ನಲ್ಲಿ. ನಿಮ್ಮ ವಾರ್ಡಿಗೆ "ಹಿಂದುಳಿದ ವರ್ಗ ಎ ಮಹಿಳೆ" ಬಂದಿದ್ದರೆ ಎಲ್ಲರೂ ನಿಮ್ಮ ಮನೆಗೆ ಬರುತ್ತಾರೆ. ಬಂದಿಲ್ಲದಿದ್ದರೆ ಯಾರೂ ಬರುವುದಿಲ್ಲ. ಆದರೆ ಸಾಮಾನ್ಯ ಮಹಿಳೆ ಸೀಟಿಗೂ ನೀವು ನಿಲ್ಲಬಹುದು, ಬರೀ ಸಾಮಾನ್ಯ ಅಂತ ಇರುವ ಸೀಟಿಗೂ ನಿಲ್ಲಬಹುದು. ಇದನ್ನ ನಮ್ಮಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಕ್ಯಾಮೆರಾದವರಿಗೆ ಮಾತ್ರ ಬರುವ ಒಂದು ತೊಡಕಿದೆ. ಪಂಚಾಯಿತಿಗೆ ನೀವೇನಾದರೂ ವಿಡಿಯೋ ಮಾಡಿಕೊಟ್ಟಿದ್ದೀರಾ? ಶೌಚಾಲಯದ್ದು, ನರೇಗಾದ್ದು, ಯಾವುದೋ ಉದ್ಘಾಟನೆಯದ್ದು? ಅದರ ಬಿಲ್ಲು ಬಾಕಿ ಇದೆಯಾ? ಪಂಚಾಯಿತಿ ಕೊಟ್ಟ ಕೆಲಸದಲ್ಲಿ, ಗುತ್ತಿಗೆಯಲ್ಲಿ ನಿಮ್ಮ ಪಾಲು ಇದ್ದರೆ ಅದೇ ಪಂಚಾಯಿತಿಗೆ ಸದಸ್ಯೆಯಾಗಲು ಅಡ್ಡಿ ಬರುತ್ತದೆ. ವಿಧಾನಸಭೆಗೂ ಹಾಗೇ, ಸರ್ಕಾರದ ಜೊತೆ ಚಾಲ್ತಿಯಲ್ಲಿರುವ ಗುತ್ತಿಗೆ ಇರಬಾರದು. ಕೆಲಸ ಮುಗಿಸಿ, ಬಿಲ್ ತೀರಿಸಿಕೊಂಡು, ಮುಗಿಯಿತು ಅಂತ ಕಾಗದ ಬರೆಸಿಕೊಳ್ಳಿ. ಎದುರಾಳಿ ಮೊದಲು ಹುಡುಕುವುದೇ ಇಂಥದ್ದನ್ನ.

ಮನೆಯವರನ್ನ ಒಪ್ಪಿಸುವುದರ ಬಗ್ಗೆ ನಾನು ಜಾಸ್ತಿ ಹೇಳಲಾರೆ, ಪ್ರತಿ ಮನೆ ಬೇರೆ. ಕ್ಯಾಮೆರಾ ಹಿಡಿದಾಗ ಒಂದು ಸಲ ಜಗಳ ಆಗಿಯೇ ಇರುತ್ತದೆ, ಆ ಜಗಳದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ನಾಮಪತ್ರ ಹಾಕಿದ ದಿನದಿಂದ ಅದನ್ನ ವಾಪಸ್ ತೆಗೆದುಕೊಳ್ಳುವ ಕೊನೇ ದಿನದ ತನಕ ಇರುವ ದಿನಗಳಿವೆಯಲ್ಲ, ಅದಕ್ಕೆ ತಯಾರಾಗಿರಿ. ಆಗ ಊರಿನ ದೊಡ್ಡವರು ಬರುತ್ತಾರೆ. ನಮ್ಮ ಮಸೀದಿ ಕಡೆಯವರೂ ಬರುತ್ತಾರೆ, ಗೌಡರ ಕಡೆಯವರೂ ಬರುತ್ತಾರೆ. "ಅವಿರೋಧ ಮಾಡೋಣಮ್ಮ, ಊರಿಗೆ ಒಳ್ಳೇದು, ಮುಂದಿನ ಸಲ ನಿನಗೇ" ಅನ್ನುತ್ತಾರೆ. ಬೈಯುವುದಿಲ್ಲ, ತುಂಬ ಪ್ರೀತಿಯಿಂದ ಹೇಳುತ್ತಾರೆ, ಅದಕ್ಕೇ ಇಲ್ಲ ಅನ್ನುವುದು ಕಷ್ಟ. ನನ್ನ ಮನೆಗೆ ಬಂದಾಗ ಅಮ್ಮಿ ಎಲ್ಲರಿಗೂ ಟೀ ಕೊಟ್ಟರು, ಮಾತು ಮುಗಿಯುವ ತನಕ ಸುಮ್ಮನಿದ್ದರು. ಆಮೇಲೆ "ಮಗು ನೂರು ರೂಪಾಯಿ ಕಟ್ಟಿ ಬಂದಿದೆ ಸ್ವಾಮಿ, ಅದು ನನ್ನ ಕೂಲಿ ದುಡ್ಡು" ಅಂದರು. ಅವರು ಎದ್ದು ಹೋದರು. ಆ ದಿನಗಳಲ್ಲಿ ಒಬ್ಬರೇ ಮನೆಯಲ್ಲಿರಬೇಡಿ. ಪಕ್ಕದಲ್ಲಿ ನಿಮ್ಮ ಪರವಾಗಿ ಒಂದು ಮಾತು ಆಡುವ ಹೆಂಗಸೊಬ್ಬರು ಇರಲಿ.

ಪೋಸ್ಟರ್‌ನಲ್ಲಿ ನಿಮ್ಮ ಮುಖ ಇರಲಿ. ಇದನ್ನ ಬರೆಯಬೇಕಾಗಿ ಬಂದಿದ್ದೇ ನನಗೆ ನೋವು. ನಮ್ಮಲ್ಲಿ ಎಷ್ಟೋ ಪಾಂಪ್ಲೆಟ್‌ಗಳಲ್ಲಿ ಅಭ್ಯರ್ಥಿಯ ಹೆಸರು ಹೆಂಗಸಿನದು, ಫೋಟೋ ಗಂಡನದು. ಗೆದ್ದ ಮೇಲೂ ಸಭೆಯ ಕುರ್ಚಿಯಲ್ಲಿ ಅವನೇ ಬಂದು ಕೂರುತ್ತಾನೆ, ಅವಳ ಸಹಿ ಮಾತ್ರ ಮನೆಯಿಂದ ಬರುತ್ತದೆ. ಇದು ನಮ್ಮ ಜನಾಂಗದ ರೋಗ ಅಂತ ತಿಳಿಯಬೇಡಿ, ಎಲ್ಲರಲ್ಲೂ ಇದೆ. ನೀವು ಇಷ್ಟು ವರ್ಷ ಬೇರೆಯವರ ಮುಖ ಎಲ್ಲಿಂದ ಬೆಳಕು ಬಿದ್ದರೆ ಚೆನ್ನ ಅಂತ ನೋಡಿದವರು. ನಿಮ್ಮದಕ್ಕೂ ನೋಡಿ. ದಿನಾ ಹೇಗಿರುತ್ತೀರೋ ಹಾಗೇ ತೆಗೆಸಿಕೊಳ್ಳಿ. ತಲೆ ಮೇಲೆ ದುಪಟ್ಟಾ ಹಾಕುವವರು ಓಟಿಗೋಸ್ಕರ ತೆಗೆಯಬೇಡಿ, ಹಾಕದವರು ಓಟಿಗೋಸ್ಕರ ಹಾಕಬೇಡಿ, ಊರಿಗೆ ಎರಡೂ ತಕ್ಷಣ ಗೊತ್ತಾಗುತ್ತದೆ. ಕಣ್ಣು ಎದುರಿಗೆ ನೋಡುತ್ತಿರಲಿ. ಕೆಳಗೆ ಪ್ರಿಂಟ್ ಮಾಡಿದವರ ಮತ್ತು ಮಾಡಿಸಿದವರ ಹೆಸರು ವಿಳಾಸ ಹಾಕಿಸುವುದು ಮರೆಯಬೇಡಿ, ಅದು ನಿಯಮ.

ಓಟು ಕೇಳಲು ಹೋಗುವುದು ನಿಮಗೆ ಬೇರೆಯವರಿಗಿಂತ ಸುಲಭ. ಒಂದು ಕೆಲಸ ನಿಮಗೆ ಮೊದಲೇ ಬರುತ್ತದೆ, ಸುಮ್ಮನೆ ಕೂತು ಕೇಳಿಸಿಕೊಳ್ಳುವುದು. ಸಂದರ್ಶನ ತೆಗೆಯುವಾಗ ಮಧ್ಯೆ ಬಾಯಿ ಹಾಕಿದರೆ ಸೌಂಡ್ ಹಾಳಾಗುತ್ತದೆ ಅಲ್ವಾ, ಇಲ್ಲೂ ಹಾಗೇ ಇರಿ. ನಾನು ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಕೇಳಿದೆ, "ಹೋದ ವಾರ ನೀರು ಯಾವತ್ತು ಬಂತು?" ಅಷ್ಟೇ. ಬೇರೆ ಅಭ್ಯರ್ಥಿಗಳು ಐದು ನಿಮಿಷ ಮಾತಾಡಿ ಕೈ ಮುಗಿದು ಹೋಗುತ್ತಿದ್ದರು, ನನಗೆ ಒಂದೊಂದು ಮನೆಗೆ ಅರ್ಧ ಗಂಟೆ ಹಿಡಿಯಿತು, ಯಾಕೆಂದರೆ ನೀರಿನಿಂದ ಶುರುವಾದ ಮಾತು ಸೊಸೆ ಹೆರಿಗೆಗೆ ಆಂಬುಲೆನ್ಸ್ ಬರದಿದ್ದ ರಾತ್ರಿಯ ತನಕ ಹೋಗುತ್ತಿತ್ತು. ಆಗ ಕ್ಯಾಮೆರಾ ತೆಗೆದುಕೊಂಡು ಹೋಗಬೇಡಿ. ಫೋನು ಕೂಡ ಚೀಲದೊಳಗಿರಲಿ. ಕೈಯಲ್ಲಿ ಒಂದು ನೋಟ್ ಬುಕ್ಕು, ಪೆನ್ನು ಸಾಕು.

ಹೊತ್ತು ನೋಡಿ ಹೋಗಿ. ನಮ್ಮ ಕಡೆ ರೇಷ್ಮೆ ಹುಳು ಸಾಕುವ ಮನೆಗಳು ತುಂಬ. ಹುಳು ಹಣ್ಣಾಗಿ, ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಆ ಮನೆಯಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ, ಓಟು ಕೇಳಲು ಹೋದರೆ ಬೈಸಿಕೊಳ್ಳುತ್ತೀರಿ. ಹುಳುಮನೆ ಒಳಗೆ ಕಾಲಿಡಬೇಡಿ, ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ ಅನ್ನುವ ಭಯ ಅವರಿಗೆ, ಅದು ನಿಜವೂ ಹೌದು. ಬಾಗಿಲಲ್ಲೇ ನಿಂತು "ಅಕ್ಕ, ನಾಳೆ ಬರ್ತೀನಿ" ಅಂದು ಹೊರಡಿ. ಸೊಪ್ಪು ಕೊಯ್ಯುವ ಹೊತ್ತಲ್ಲಿ ತೋಟದ ಬದುವಿಗೆ ಹೋಗಿ ಎರಡು ಕಂತೆ ಎತ್ತಿಕೊಟ್ಟರೆ ಅಲ್ಲೇ ಮಾತಾಡಬಹುದು. ಭಾಷೆಯ ಬಗ್ಗೆ ನಾಚಿಕೆ ಬೇಡ. ನಮ್ಮ ಹಳ್ಳಿಯ ಒಂದೇ ಬೀದಿಯಲ್ಲಿ ನಾನು ಉರ್ದು, ಕನ್ನಡ, ತೆಲುಗು ಮೂರನ್ನೂ ಆಡಬೇಕು, ಬಾಗೇಪಲ್ಲಿ ಕಡೆಯವರಿಗೆ ತೆಲುಗೇ ಮೊದಲು. ಆದರೆ ಒಂದು ಮನೆಯಲ್ಲಿ ಒಂದು ಮಾತು, ಇನ್ನೊಂದು ಮನೆಯಲ್ಲಿ ಇನ್ನೊಂದು ಮಾತು ಆಡಬೇಡಿ. ಉರ್ದುವಿನಲ್ಲಿ ಹೇಳಿದ್ದನ್ನೇ ಕನ್ನಡದಲ್ಲೂ ಹೇಳಿ.

ಪಂಚಾಯಿತಿ ವಾರ್ಡಿನಲ್ಲಿ ಒಂದಕ್ಕಿಂತ ಜಾಸ್ತಿ ಸೀಟು ಇರುವುದೇ ಹೆಚ್ಚು, ಎಷ್ಟು ಸೀಟೋ ಅಷ್ಟು ಓಟು ಒಬ್ಬೊಬ್ಬರಿಗೆ. ಇದು ನಿಮಗೆ ಒಳ್ಳೆಯದು. "ಒಂದು ಓಟು ನಿಮ್ಮವರಿಗೆ ಹಾಕಿಕೊಳ್ಳಿ, ಒಂದು ನನಗೆ ಕೊಡಿ" ಅಂತ ಧೈರ್ಯವಾಗಿ ಕೇಳಬಹುದು. ನಮ್ಮ ಜನ ಕಡಿಮೆ ಇರುವ ಊರಲ್ಲಿ ಗೆಲುವು ಬರುವುದೇ ಆ ಎರಡನೇ ಓಟಿನಿಂದ. ನಾನು ಗೆದ್ದದ್ದೂ ಹಾಗೇ.

ಧರ್ಮದ ಹೆಸರಲ್ಲಿ ಓಟು ಕೇಳಲೇಬೇಡಿ. ವಿಧಾನಸಭೆ, ಲೋಕಸಭೆಗೆ ಅದು ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ ಭ್ರಷ್ಟ ಆಚರಣೆ, ಗೆದ್ದ ಸೀಟೂ ಹೋಗುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ಜನ ನ್ಯಾಯಮೂರ್ತಿಗಳ ಪೀಠ ಇದನ್ನ ಇನ್ನೂ ಬಿಗಿಮಾಡಿತು, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮದ ಹೆಸರು ಹೇಳಿ ಕೇಳಿದರೂ ತಪ್ಪು ಅಂತ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಚಿಂತಾಮಣಿ ಕಡೆಯ ಮುರುಗಮಲ್ಲದ ದರ್ಗಾಕ್ಕೆ ಎಲ್ಲಾ ಧರ್ಮದವರೂ ಹರಕೆ ಹೊತ್ತು ಬರುವುದನ್ನ ನೋಡಿದ್ದೀರಲ್ಲ, ಆ ಊರುಗಳಿಂದ ಬಂದವರು ನಾವು.

ಸಿನಿಮಾ ಮಾಡುವವರಿಗೆ ಇನ್ನೆರಡು ನಿಯಮ ಗೊತ್ತಿರಬೇಕು, ಮುಂದೆ ದೊಡ್ಡ ಚುನಾವಣೆಗೆ ಹೋದರೆ ಬೇಕಾಗುತ್ತದೆ. ಮತದಾನ ಮುಗಿಯುವ ಹಿಂದಿನ 48 ಗಂಟೆ ಸಿನಿಮಾ, ಟಿವಿ ಮೂಲಕ ಚುನಾವಣೆಗೆ ಸಂಬಂಧಪಟ್ಟದ್ದನ್ನ ತೋರಿಸುವ ಹಾಗಿಲ್ಲ, ಅದು ಅದೇ ಕಾಯ್ದೆಯ 126ನೇ ಕಲಂ. ನೀತಿ ಸಂಹಿತೆ ಇರುವಾಗ ಊರಲ್ಲಿ ಪರದೆ ಕಟ್ಟಿ ನಿಮ್ಮ ಹಳೇ ಚಿತ್ರ ತೋರಿಸಿದರೂ ಅದನ್ನ ಪ್ರಚಾರ ಅಂತಲೇ ನೋಡುತ್ತಾರೆ, ಖರ್ಚೂ ನಿಮ್ಮ ಲೆಕ್ಕಕ್ಕೆ ಬೀಳಬಹುದು. 2019ರ ಏಪ್ರಿಲ್ 10ರಂದು ಆಯೋಗ ಪ್ರಧಾನಿಯ ಜೀವನದ ಮೇಲಿನ ಸಿನಿಮಾವನ್ನೇ ತಡೆದಿತ್ತು, ಅದು ಫಲಿತಾಂಶ ಬಂದ ಮಾರನೇ ದಿನ ಮೇ 24ಕ್ಕೆ ಬಿಡುಗಡೆಯಾಯಿತು. ಪ್ರಧಾನಿಗೇ ಹಾಗಾದರೆ ನಿಮ್ಮನ್ನ ಬಿಡುತ್ತಾರಾ.

ಮಾತಿನ ಬಗ್ಗೆ ಎಚ್ಚರ. ನಮ್ಮ ಹೆಸರಿನವರು ಆಡಿದ ಮಾತನ್ನ ಕತ್ತರಿಸಿ ಓಡಿಸುವುದು ಬೇಗ. 2021ರ ಜೂನ್‌ನಲ್ಲಿ ಲಕ್ಷದ್ವೀಪದ ಚಿತ್ರ ನಿರ್ದೇಶಕಿ ಐಷಾ ಸುಲ್ತಾನಾ ತಮ್ಮ ದ್ವೀಪದ ಆಡಳಿತದ ಬಗ್ಗೆ ಟಿವಿ ಚರ್ಚೆಯಲ್ಲಿ ಆಡಿದ ಮಾತಿಗೆ ದೇಶದ್ರೋಹದ ಕೇಸು ಬಿತ್ತು. ಅದೇ ತಿಂಗಳ 25ಕ್ಕೆ ಕೇರಳ ಹೈಕೋರ್ಟ್ ನಿರೀಕ್ಷಣಾ ಜಾಮೀನು ಕೊಟ್ಟಿತು. ಹೆದರಿ ಬಾಯಿ ಮುಚ್ಚಿಕೊಳ್ಳಿ ಅಂತ ಇದನ್ನ ಹೇಳುತ್ತಿಲ್ಲ. ನೀವು ಎಲ್ಲೇ ಮಾತಾಡಿ, ಶುರುವಿನಿಂದ ಕೊನೆತನಕ ನಿಮ್ಮದೇ ಒಂದು ರೆಕಾರ್ಡಿಂಗ್ ಇಟ್ಟುಕೊಳ್ಳಿ. ಯಾರಾದರೂ ಹತ್ತು ಸೆಕೆಂಡು ಕತ್ತರಿಸಿ ಬಿಟ್ಟರೆ ಪೂರ್ತಿ ಹತ್ತು ನಿಮಿಷ ನಿಮ್ಮ ಹತ್ತಿರ ಇರುತ್ತದೆ. ಈ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗೂ ಬರುವುದಿಲ್ಲ. ಫೋನಿನಲ್ಲಿ ಹೊಲಸು ಮೆಸೇಜ್ ಬರುತ್ತವೆ, ಬಂದೇ ಬರುತ್ತವೆ. ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ತಾರೀಖು ಹಾಕಿ ಇಡಿ, ದೂರು ಕೊಡುವಾಗ ಬೇಕು.

ಗೆದ್ದರೆ ಸದಸ್ಯರಿಗೆ ತರಬೇತಿ ಇರುತ್ತದೆ, ಅದನ್ನ ರೂಪಿಸುವ ಮೈಸೂರಿನ ಸಂಸ್ಥೆಗೂ ನಜೀರ್ ಸಾಬ್ ಹೆಸರೇ ಇದೆ. ಒಂದು ದಿನವೂ ತಪ್ಪಿಸಬೇಡಿ, ಬದಲಿಗೆ ಯಾರನ್ನೂ ಕಳಿಸಬೇಡಿ. ಸಭೆ ನಡಾವಳಿ ಪುಸ್ತಕದಲ್ಲಿ ಓದದೆ ಸಹಿ ಹಾಕಬೇಡಿ. ಸಹಿ ಆದ ಮೇಲೆ ಮಧ್ಯೆ ಖಾಲಿ ಬಿಟ್ಟ ಸಾಲು ತುಂಬುವವರಿದ್ದಾರೆ, ಖಾಲಿ ಜಾಗಕ್ಕೆ ಗೆರೆ ಎಳೆದು ಆಮೇಲೆ ಸಹಿ ಮಾಡಿ. ಒಂದು ಕಾಮಗಾರಿಯ ಕಡತ ಕೇಳಿದರೆ ಕೊಡುತ್ತಿಲ್ಲ ಅಂದರೆ ನೀವೂ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಸದಸ್ಯೆ ಅರ್ಜಿ ಹಾಕುವುದಾ ಅಂತ ನಗುತ್ತಾರೆ, ನಗಲಿ. ಚರಂಡಿ ಕೆಲಸ ಶುರುವಾಗುವ ದಿನ, ಅರ್ಧ ಆದ ದಿನ, ಮುಗಿದ ದಿನ ಒಂದೇ ಜಾಗದಲ್ಲಿ ನಿಂತು ಒಂದೊಂದು ಫೋಟೋ ತೆಗೆದಿಡಿ. ಮೂರು ಫೋಟೋ ಮುಂದಿಟ್ಟರೆ ಬಿಲ್ಲಿನ ಮಾತು ಬೇರೆಯೇ ಆಗುತ್ತದೆ.

ಚಿತ್ರ ಮಾಡುವುದು ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಿಡಬೇಡಿ. ಆದರೆ ಅಧಿಕಾರ ಇರುವಷ್ಟು ದಿನ ನಿಮ್ಮ ಪಂಚಾಯಿತಿಯ ಜನರ ಮೇಲೆ ಚಿತ್ರ ಮಾಡಬೇಡಿ. ನೀವು ಮನೆ ಮಂಜೂರು ಮಾಡಿಸಬೇಕಾದವರ ಮುಂದೆ ಕ್ಯಾಮೆರಾ ಇಟ್ಟರೆ ಅವರು ಇಲ್ಲ ಅನ್ನುವುದು ಹೇಗೆ? ಬೇರೆ ತಾಲ್ಲೂಕಿಗೆ ಹೋಗಿ, ಟೊಮೆಟೊ ಮಂಡಿಗೆ ಹೋಗಿ, ಕೆಜಿಎಫ್‌ಗೆ ಹೋಗಿ. ಮದುವೆ ಕೆಲಸ ನಾನು ಮಾಡುತ್ತಲೇ ಇದ್ದೆ, ಊಟ ಅದರಿಂದಲೇ.

ಗ್ರಾಮಸಭೆಯನ್ನ ಮಾತ್ರ ರೆಕಾರ್ಡ್ ಮಾಡಿ, ಅದು ಎಲ್ಲರ ಸಭೆ. ಮುಂದೆ ಇಟ್ಟರೆ ಬರೀ ಕುರ್ಚಿ ಮೇಲಿನವರು ಕಾಣುತ್ತಾರೆ. ಹಿಂದೆ, ಹೆಂಗಸರು ಕೂರುವ ಜಮಖಾನದ ಪಕ್ಕ, ಕೂತವರ ಎತ್ತರಕ್ಕೆ ಟ್ರೈಪಾಡ್ ಇಳಿಸಿ ಇಡಿ. ಶುರು ಮಾಡುವ ಮೊದಲು ರೆಕಾರ್ಡ್ ಆಗುತ್ತಿದೆ ಅಂತ ಮೂರೂ ಭಾಷೆಯಲ್ಲಿ ಹೇಳಿ. ಯಾರಾದರೂ ಎದ್ದು ಕ್ಯಾಮೆರಾ ಕಡೆ ನೋಡಿ ತಡೆದರೆ ಮುಚ್ಚಳ ಹಾಕಿಬಿಡಿ.

ನಾನು ಸದಸ್ಯೆಯಾದ ಮೇಲೆ ಮೊದಲ ಮಹಿಳಾ ಗ್ರಾಮಸಭೆಗೆ ಖಾಲಾ ಬಂದಿದ್ದರು. ಬಾಕಿ ಅಷ್ಟರಲ್ಲಿ ತೀರಿತ್ತು, ಅವರು ಬೇರೆ ಫಿಲೇಚರ್‌ಗೆ ಹೋಗುತ್ತಿದ್ದರು. ಗೋಡೆಗೆ ಒರಗಿ ಕೂತಿದ್ದವರು ಮೊಣಕಾಲ ಮೇಲೆ ಕೈಯೂರಿ ಎದ್ದರು, ಮೊದಲು ಕ್ಯಾಮೆರಾ ನೋಡಿದರು, ಆಮೇಲೆ ನನ್ನನ್ನ. ನಾನು ಎದ್ದು ಹೋಗಿ ಮುಚ್ಚಳ ಹಾಕಿ ಬಂದೆ. ಬಸ್ ನಿಲ್ದಾಣದಿಂದ ನಮ್ಮ ಬೀದಿಯ ತನಕ ಮೂರು ಕಂಬ ಇದೆ, ಒಂದರಲ್ಲೂ ದೀಪ ಇಲ್ಲ, ಬೆಳಗಿನ ಬಸ್ಸಿಗೆ ಕತ್ತಲಲ್ಲಿ ಹೋಗಬೇಕು ಅಂದರು. ಮೂರು ಕಂಬದ ನಂಬರ್ ಕೂಡ ಬಾಯಲ್ಲೇ ಹೇಳಿದರು. ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ.